ದಟ್ಟಿಯ ಮೊಳ

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ.

ಪುಕ್ಕಟೆ ಸಿಕ್ಕಿದ್ದರಲ್ಲೂ ಕೊಸರು ಹುಡುಕುವವರನ್ನು ಹಂಗಿಸಲು ಹಿರಿಯರು ಆಡುತ್ತಿದ್ದ ಮಾತಿದು. ಗಾದೆ ಕೊಟ್ಟವನ ಪಕ್ಷ. ಪಡೆದವನಿಗೆ ಅದರಲ್ಲಿ ಬಾಯಿಯೇ ಇಲ್ಲ. ಆದರೆ ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯಲ್ಲಿ ನಿಂತು ಈ ಮಾತು ಕೇಳಿದರೆ ಮನಸ್ಸು ತಕರಾರು ತೆಗೆಯುತ್ತದೆ. ಬಟ್ಟೆಯನ್ನೇ ನಂಬಿ ಬದುಕಿದ ಊರಿನಲ್ಲಿ ಮೊಳ ಹಾಕುವುದು ತಪ್ಪಾದದ್ದು ಯಾವಾಗ? ಸಾಲುತ್ತದೋ ಇಲ್ಲವೋ ನೋಡದೆ ಸುತ್ತಿಕೊಂಡು ಹೊರಟರೆ ಬೀದಿಯಲ್ಲಿ ಹೋಗುವ ಮಾನ ಕೊಟ್ಟವನದಲ್ಲ.

ಗಾದೆಯ ಮೊದಲ ಪದ ಧರ್ಮ. ಯುದ್ಧ ಮುಗಿದ ಮೇಲೆ ಗೆದ್ದವರು ಮಿತ್ರರಾಜ್ಯಕ್ಕೆ ಕೊಡುವ ನೆರವಿಗೂ ಈ ಹೆಸರು ಸುಲಭವಾಗಿ ಅಂಟಿಕೊಳ್ಳುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಜುಲೈ 8ರಂದು, ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದವಾಯಿತು. ಮೈಸೂರನ್ನು ಕಾಯಲು ಕಂಪನಿಯ ದಂಡು. ದಂಡಿನ ಖರ್ಚಿಗೆ ಮೈಸೂರಿನಿಂದ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ ಸುಮಾರು 24.5 ಲಕ್ಷ ರೂಪಾಯಿ. ಶಾಲೆಯಲ್ಲಿ ಇದನ್ನು ‘ಸಹಾಯಕ ಸೈನ್ಯ ಪದ್ಧತಿ’ ಎಂದು ಬಾಯಿಪಾಠ ಮಾಡಿದೆವು. ಸಹಾಯ ಯಾರಿಂದ ಯಾರಿಗೆ ಎಂದು ಮೇಷ್ಟರನ್ನು ಕೇಳಲು ಹೊಳೆಯಲಿಲ್ಲ. ದಟ್ಟಿ ಕೊಟ್ಟವರು ಅದರ ಬೆಲೆಯನ್ನು ವರ್ಷವರ್ಷವೂ ವಸೂಲು ಮಾಡಿದರು. ಧರ್ಮದ ಹೆಸರು ಮಾತ್ರ ತಮ್ಮಲ್ಲೇ ಇಟ್ಟುಕೊಂಡರು.

ಆ ಸಹಾಯ ನೆಲದ ಮೇಲೆ ಹೇಗಿತ್ತೆಂದು ತಿಳಿಯಲು ಪಕ್ಕದ ಹರಿಹರಕ್ಕೆ ಹೋದರೆ ಸಾಕು. ತುಂಗಭದ್ರೆಯ ಈ ದಡ ಮೈಸೂರು ಸೀಮೆಯ ಉತ್ತರದ ಅಂಚು. ಊರಾಚೆ ಕಂಪನಿಯ ದಂಡಿನ ನೆಲೆಯಿತ್ತು. 1865ರವರೆಗೂ ಅಲ್ಲಿ ದೇಶೀ ಸಿಪಾಯಿಗಳ ಪಡೆಯೊಂದು ಬೀಡುಬಿಟ್ಟಿತ್ತು. 1802ರ ಕೊನೆಯ ದಿನ ಮರಾಠರ ಪೇಶ್ವೆ ಎರಡನೆಯ ಬಾಜಿರಾಯನೂ ಬಸ್ಸೀನಿನಲ್ಲಿ ಇಂಥದೇ ಒಪ್ಪಂದಕ್ಕೆ ಸಹಿ ಹಾಕಿದ: ಅವನಿಗೆ 6,000 ಸಿಪಾಯಿಗಳು, ಕಂಪನಿಗೆ 26 ಲಕ್ಷ ರೂಪಾಯಿ ಹುಟ್ಟುವಳಿಯ ನೆಲ. ಅವನನ್ನು ಮತ್ತೆ ಪುಣೆಯ ಗದ್ದುಗೆಯಲ್ಲಿ ಕೂರಿಸಲು 1803ರ ಮಾರ್ಚ್‌ನಲ್ಲಿ ಕಂಪನಿಯ ದಂಡನಾಯಕ ಆರ್ಥರ್ ವೆಲ್ಲೆಸ್ಲಿ ಹೊರಟದ್ದು ಇದೇ ಹರಿಹರದಿಂದ. ಏಪ್ರಿಲ್ 20ಕ್ಕೆ ಪುಣೆ ಮುಟ್ಟಿದ. ಮೈಸೂರಿನ ಸವಾರರು ಜೊತೆಗೆ ಹೋದರು, ಅಮೃತಮಹಲ್ ಎತ್ತುಗಳು ತೋಪುಬಂಡಿ ಎಳೆದವು. ಕಾಯಲು ಬಂದ ದಂಡು ಹೊಳೆ ದಾಟಿತು. ಕಾಯಿಸಿಕೊಳ್ಳಬೇಕಾದವರೇ ಅದರ ಬೆನ್ನಿಗೆ ನಡೆದರು. 1807ರಲ್ಲಿ ಇದಕ್ಕೆ ಕಾಯಂ ಮುದ್ರೆ ಬಿತ್ತು: ಕಾಳಗವಿರಲಿ ಇಲ್ಲದಿರಲಿ, 4,000 ಸವಾರರನ್ನು ಮೈಸೂರು ಸಾಕಬೇಕು. ಇನ್ನು ಬಾಜಿರಾಯ? 1818ರಲ್ಲಿ ಗದ್ದುಗೆಯನ್ನೇ ಕಳೆದುಕೊಂಡ.

ಇನ್ನೊಂದು ಪದ ಮೊಳ. ಮೊಣಕೈಯಿಂದ ನಡುಬೆರಳ ತುದಿವರೆಗೆ ಒಂದು ಮೊಳ. ಕೈ ಬದಲಾದರೆ ಅಳತೆಯೂ ಬದಲು. 1799ರ ಒಪ್ಪಂದದಲ್ಲಿ ಒಂದು ಷರತ್ತಿತ್ತು: ಹಣ ಬಾರದೆ ಹೋಗಬಹುದೆಂಬ ಅಂಜಿಕೆ ಹುಟ್ಟಿದರೆ ಕಂಪನಿ ಆಡಳಿತವನ್ನು ಕೈಗೆ ತೆಗೆದುಕೊಳ್ಳಬಹುದು. ಅಂಜಿಕೆ ಎಷ್ಟೆಂದು ಅಳೆಯುವ ಕೈ ಕಂಪನಿಯದೇ. 1830ರಲ್ಲಿ ನಗರ (ಬಿದನೂರು) ಸೀಮೆಯ ರೈತರು ಕಂದಾಯದ ಭಾರ ತಾಳದೆ ಎದ್ದರು. 1831ರಲ್ಲಿ ಗವರ್ನರ್ ಜನರಲ್ ಲಾರ್ಡ್ ಬೆಂಟಿಂಕ್ ಒಪ್ಪಂದದ ಪುಟ ತೆರೆದು ಮೈಸೂರಿನ ಆಡಳಿತ ಹಿಡಿದ. ಅದು ಮರಳಿದ್ದು 50 ವರ್ಷಗಳ ಮೇಲೆ, 1881ರಲ್ಲಿ; ಜೊತೆಗೆ ವರ್ಷದ ಪೊಗದಿಯನ್ನು 35 ಲಕ್ಷ ರೂಪಾಯಿಗೆ ಏರಿಸುವ ಷರತ್ತೂ ಬಂತು. ದಟ್ಟಿ ಹಳೆಯದಾದಷ್ಟೂ ಬೆಲೆ ಏರುವ ಅಂಗಡಿ ಇದೊಂದೇ.

ಮತ್ತೊಂದು ಪದ ಹಿತ್ತಲು. ಗಾದೆಯ ಗುಟ್ಟೆಲ್ಲ ಇಲ್ಲಿದೆ. ಆತ ಹಿತ್ತಲಿಗೆ ಹೋದದ್ದೇಕೆ? ಅಂಗಳದಲ್ಲಿ ಅಳೆಯಲು ಬಿಡಲಿಲ್ಲ, ಅದಕ್ಕೆ. ಮೈಸೂರು ಕಂಪನಿಗೆ ತಿಳಿಸದೆ ಬೇರೆ ರಾಜ್ಯಕ್ಕೆ ಒಂದು ಕಾಗದವನ್ನೂ ಬರೆಯುವಂತಿರಲಿಲ್ಲ. ಪಕ್ಕದವರ ದಟ್ಟಿ ಎಷ್ಟು ಮೊಳವೆಂದು ವಿಚಾರಿಸುವ ದಾರಿಯೇ ಮುಚ್ಚಿತ್ತು.

ಅಂಗಳದಲ್ಲಿ ಅಳೆದ ಉದಾಹರಣೆಯೂ ಉಂಟು. 1947ರ ಜೂನ್ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಮಾರ್ಷಲ್, ಯುದ್ಧದಲ್ಲಿ ನುಗ್ಗಾದ ಯುರೋಪಿಗೆ ಹೇಳಿದ್ದರ ತಿರುಳು ಇಷ್ಟು: ಏನು ಬೇಕೆಂದು ನೀವೇ ಕೂಡಿ ಪಟ್ಟಿ ಮಾಡಿ. 16 ದೇಶಗಳು ಪ್ಯಾರಿಸ್ಸಿನಲ್ಲಿ ಕೂತು ಲೆಕ್ಕ ಹಾಕಿದವು. 1948ರಿಂದ ಸುಮಾರು ನಾಲ್ಕು ವರ್ಷ, 1,300 ಕೋಟಿ ಡಾಲರ್‌ನಷ್ಟು ನೆರವು ಹರಿಯಿತು. ಅದೂ ಬರೀ ಧರ್ಮವಲ್ಲ. ಸೋವಿಯತ್ತಿನ ಭಯವಿತ್ತು, ಅಮೆರಿಕದ ಸರಕಿಗೆ ಗಿರಾಕಿ ಬೇಕಿತ್ತು. ಅಮೆರಿಕದ 1951ರ ನೆರವಿನ ಕಾಯಿದೆಯಲ್ಲಿ ಕಾಳಿನ ಚೀಲವೂ ಕೋವಿಯೂ ಒಂದೇ ಗಂಟಿಗೆ ಬಿದ್ದವು. ಆದರೂ ಮೊದಲ ಮೊಳ ಹಾಕಿದ್ದು ಪಡೆದವರ ಕೈ.

ನಮ್ಮ ದೇಶವೂ ಒಮ್ಮೆ ಕೊಡುವ ಕಡೆ ನಿಂತಿತ್ತು. ಬಾಂಗ್ಲಾ ಯುದ್ಧ ಗೆದ್ದ ಭಾರತದ ಸೈನ್ಯ 1972ರ ಮಾರ್ಚ್ 12ರಂದು ಢಾಕಾದಲ್ಲಿ ಬೀಳ್ಕೊಡುಗೆಯ ಕವಾಯತು ಮಾಡಿತು. 25 ವರ್ಷದ ಸ್ನೇಹದ ಒಪ್ಪಂದಕ್ಕೆ ಸಹಿ ಬಿದ್ದದ್ದು ಮಾರ್ಚ್ 19ರಂದು. ದಂಡು ಮೊದಲು ಹೊರಟಿತು, ಕಾಗದ ಆಮೇಲೆ ಬಂತು. ಹರಿಹರದಲ್ಲಿ ನಡೆದದ್ದು ಇದರ ತಿರುವುಮುರುವು: ಕಾಗದ ಮೊದಲು, ದಂಡು ಆಮೇಲೆ, ನೆಲೆ ಎತ್ತುವ ಮಾತು 1865ರವರೆಗೂ ಇಲ್ಲ.

ಕೊನೆಗೆ ದಾವಣಗೆರೆಗೇ ಮರಳೋಣ, ಏಕೆಂದರೆ ಈ ಊರೂ ಒಬ್ಬ ಮಿತ್ರನಿಗೆ ಕೊಟ್ಟ ದಟ್ಟಿಯೇ. ಬೇತೂರಿನ ಮಗ್ಗುಲ ಹಳ್ಳಿಯಾಗಿದ್ದ ಇದನ್ನು ಹೈದರಾಲಿ, ತನ್ನ ಕಡೆ ಬಂದ ಮರಾಠ ಸರದಾರ ಆಪೋಜಿ ರಾಮ್‌ಗೆ ಜಹಗೀರಾಗಿ ಕೊಟ್ಟ. ಆತ ವರ್ತಕರನ್ನು ಕರೆದು ನೆಲೆಗೊಳಿಸಿದ. ಮಕ್ಕಳಿಲ್ಲದೆ ಸತ್ತ. ಕೊಟ್ಟವನ ಮನೆತನದ ಆಳ್ವಿಕೆ ಹೋಯಿತು, ಪಡೆದವನ ವಂಶ ಉಳಿಯಲಿಲ್ಲ; ಪೇಟೆ ಮಾತ್ರ ಬೆಳೆಯುತ್ತಲೇ ಹೋಯಿತು. ನೆರವಿನ ಯೋಜನೆ ಹಾಕುವವರು ಎಷ್ಟು ಕೋಟಿ, ಎಷ್ಟು ಕೋವಿ ಎಂದು ಎಣಿಸುತ್ತಾರೆ. ತಾವು ಎದ್ದುಹೋದ ಮೇಲೆ ಅಲ್ಲಿ ಸಂತೆ ಕೂಡುತ್ತದೆಯೇ ಎಂಬುದನ್ನೂ ಎಣಿಸಬೇಕು.

ಗಾದೆಯ ಬಡವನನ್ನು ಇನ್ನು ನಗುವುದು ಬೇಡ. ದಟ್ಟಿ ಕೊಟ್ಟವನು ಅದನ್ನು ಅಂಗಳದಲ್ಲೇ ಹಾಸಿ, ನಿನ್ನ ಕೈಯಿಂದಲೇ ಅಳೆದುಕೋ ಅಂದಿದ್ದರೆ, ಆತ ಹಿತ್ತಲ ಬಾಗಿಲು ತೆರೆಯುತ್ತಲೇ ಇರಲಿಲ್ಲ.