ಬ್ಯಾಕರಾ ಎಂಬ ಆಟವನ್ನು ಕಲಿಯುವ ವಿಷಯವಾಗಿ

ಜೂಜಾಡುವದು ಕೆಟ್ಟದ್ದೆಂಬದನ್ನು ನಮ್ಮ ಸಭೆಗಳಲ್ಲಿ ಯಾರೂ ಅಲ್ಲಗಳೆಯುವದಿಲ್ಲ. ಆದರೆ ಈಚೆಗೆ ಯೌವನಸ್ಥರು ಬೇರೊಂದು ಪ್ರಶ್ನೆಯನ್ನು ಹಾಕುತ್ತಾರೆ. ಅದಕ್ಕೆ ಉತ್ತರ ಕೊಡುವದು ಅಷ್ಟು ಸುಲಭವಲ್ಲ. ಅದೇನಂದರೆ: "ನಾವು ಹಣ ಕಟ್ಟುವದಿಲ್ಲ, ಆಟದ ಕ್ರಮವನ್ನು ಮಾತ್ರ ಕಲಿಯುತ್ತೇವೆ. ತಿಳುವಳಿಕೆಯಲ್ಲಿ ದೋಷವುಂಟೋ? ಹಾವಿನ ವಿಷದ ವಿಷಯವಾಗಿ ಓದಿದವನು ಯಾರನ್ನಾದರೂ ಕಚ್ಚುವನೋ?" ಈ ಮಾತು ಜಾಣತನದ್ದೇ, ಹಿರಿಯರು ಗದರಿಸಿ ಬಿಟ್ಟರೆ ಅದು ಸುಳ್ಳಾಗುವದಿಲ್ಲ. ಆದಕಾರಣ ಬ್ಯಾಕರಾ ಎಂಬ ಇಸ್ಪೀಟಿನ ಆಟವನ್ನು ಉದಾಹರಣೆಗಾಗಿ ತೆಗೆದುಕೊಂಡು ಈ ಪ್ರಶ್ನೆಯನ್ನು ಪರಾಂಬರಿಸೋಣ. (ಇಂಗ್ಲಿಷಿನಲ್ಲಿ ಬರೆಯುವಾಗ ಆ ಹೆಸರಿನ ಕೊನೆಗೆ ಟಕಾರವುಂಟು, ಉಚ್ಚಾರದಲ್ಲಿ ಇಲ್ಲ.) ಅದು ದೂರದ ದೊರೆಗಳ ಆಟ, ನಮಗೇನು ಎನ್ನಬೇಡಿರಿ. ಬೆಳಗಾವಿ ಜಿಲ್ಲೆಯ ಅಡವಿಯಲ್ಲಿ ಹುಟ್ಟುವ ಮಹದಾಯಿ ಹೊಳೆಯು ಗೋವೆಗೆ ಇಳಿದು ಮಾಂಡೋವಿ ಎಂಬ ಹೆಸರನ್ನು ಹೊಂದುತ್ತದಷ್ಟೆ; ಅದೇ ನೀರಿನ ಮೇಲೆ, ಪಣಜಿಯ ಎದುರಿಗೆ, ಲಂಗರು ಹಾಕಿ ನಿಂತ ಜೂಜಿನ ಹಡಗುಗಳಲ್ಲಿ ಈ ಆಟ ನಡೆಯುತ್ತದೆ. ಕೈಯಲ್ಲಿರುವ ಫೋನಿನೊಳಗೂ ಅದು ಬಂದು ಸೇರಿತು. ಹಣ ಕಟ್ಟುವ ಇಂಥಾ ಫೋನಿನ ಆಟಗಳನ್ನು ನಿಷೇಧಿಸುವದಕ್ಕೆ ಭಾರತದ ಪಾರ್ಲಿಮೆಂಟು 2025ರಲ್ಲಿ ಕಾಯಿದೆ ಮಾಡಬೇಕಾಯಿತು.

ಕಲಿಯಬೇಕೆಂದು ಆಶೆಪಡುವವರಿಗೆ ನಾನು ಇಲ್ಲಿಯೇ ಕಲಿಸುತ್ತೇನೆ. ವಾಚಕರು ಬೆಚ್ಚಬೇಡಿರಿ, ಒಲೆಯ ಮೇಲೆ ಅನ್ನ ಬೇಯುವಷ್ಟರಲ್ಲಿ ಪಾಠವು ಮುಗಿಯುವದು.

ಎಂಟು ಕಟ್ಟು ಇಸ್ಪೀಟು, ಅಂದರೆ 416 ಎಲೆಗಳನ್ನು ಕಲಸಿ ಒಂದು ಪೆಟ್ಟಿಗೆಯಲ್ಲಿ ಇಡುತ್ತಾರೆ. ಎಕ್ಕಕ್ಕೆ ಒಂದು ಬೆಲೆ. ಎರಡರಿಂದ ಒಂಬತ್ತರ ವರೆಗಿನ ಎಲೆಗಳಿಗೆ ಅವುಗಳ ಅಂಕಿಯೇ ಬೆಲೆ. ಹತ್ತಕ್ಕೂ ಗುಲಾಮ, ರಾಣಿ, ರಾಜ ಇವರಿಗೂ ಬೆಲೆ ಸೊನ್ನೆ. (ರಾಜನಿಗೆ ಸೊನ್ನೆಯೂ ಎಕ್ಕಕ್ಕೆ ಒಂದೂ ಎಂಬದೊಂದೇ ಈ ಆಟದಲ್ಲಿ ನನಗೆ ಹಿಡಿಸಿದ ಸಂಗತಿ.) ಮೇಜಿನ ಮೇಲೆ ಎರಡು ಪಕ್ಷಗಳು: ಒಂದಕ್ಕೆ 'ಪ್ಲೇಯರ್', ಇನ್ನೊಂದಕ್ಕೆ 'ಬ್ಯಾಂಕರ್' ಎಂದು ಹೆಸರು. ಇವು ಬರೇ ಹೆಸರುಗಳು; ಹಣ ಕಟ್ಟುವವನು ಯಾವ ಪಕ್ಷಕ್ಕಾದರೂ ಕಟ್ಟಬಹುದು, ಎರಡೂ ಸಮವಾಗುವವು ಎಂದೂ ಕಟ್ಟಬಹುದು. ಪ್ರತಿ ಪಕ್ಷಕ್ಕೆ ಎರಡೆರಡು ಎಲೆ ಹಾಕಿ ಕೂಡಿಸುತ್ತಾರೆ. ಒಂಬತ್ತನ್ನು ಮೀರಿದರೆ ಹತ್ತನ್ನು ಬಿಟ್ಟು ಮಿಕ್ಕದ್ದನ್ನು ಹಿಡಿಯುತ್ತಾರೆ. ಹೇಗಂದರೆ ಏಳೂ ಎಂಟೂ ಹದಿನೈದಲ್ಲ, ಐದು. ಒಂಬತ್ತಕ್ಕೆ ಹತ್ತಿರವಾದದ್ದು ಗೆಲ್ಲುತ್ತದೆ. ಯಾವ ಪಕ್ಷಕ್ಕಾದರೂ ಮೊದಲಲ್ಲೇ ಎಂಟೋ ಒಂಬತ್ತೋ ಬಂದರೆ ಆಟವು ಅಲ್ಲಿಗೆ ತೀರಿತು. ಇಲ್ಲವಾದರೆ ಪ್ಲೇಯರ್ ಪಕ್ಷವು ಐದೂ ಅದಕ್ಕಿಂತ ಕಡಿಮೆಯೂ ಇದ್ದಾಗ ಮೂರನೆಯ ಎಲೆಯನ್ನು ತೆಗೆದುಕೊಳ್ಳಲೇ ಬೇಕು, ಆರೂ ಏಳೂ ಇದ್ದಾಗ ಸುಮ್ಮನಿರಲೇ ಬೇಕು. ಬ್ಯಾಂಕರಿನ ಮೂರನೆಯ ಎಲೆಗೂ ಒಂದು ಪಟ್ಟಿ ಗೊತ್ತಾಗಿದೆ: ಉದಾಹರಣೆಗೆ, ಅದರಲ್ಲಿ ಮೂರು ಇದ್ದರೆ, ಎದುರು ಪಕ್ಷಕ್ಕೆ ಬಂದ ಮೂರನೆಯ ಎಲೆ ಎಂಟಾಗಿರುವಾಗ ಮಾತ್ರ ಸುಮ್ಮನಿರಬೇಕು. ಪ್ಲೇಯರ್ ಗೆದ್ದರೆ ನೂರಕ್ಕೆ ನೂರು, ಬ್ಯಾಂಕರ್ ಗೆದ್ದರೆ ಮನೆಯವರು ಐದು ಹಿಡಿದುಕೊಂಡು 95, ಸಮವಾದೀತೆಂದು ಕಟ್ಟಿ ಗೆದ್ದವನಿಗೆ ಒಂದಕ್ಕೆ ಎಂಟು ಕೊಡುತ್ತಾರೆ.

ಪಾಠವು ಮುಗಿಯಿತು. ಈಗ ಹೇಳಿರಿ, ಹಣ ಕಟ್ಟಿದವನು ಆಟದಲ್ಲಿ ಮಾಡತಕ್ಕದ್ದೇನು? ಎಲೆಗಳನ್ನು ಹಾಕುವವನು ಮನೆಯ ಆಳು. ಮೂರನೆಯ ಎಲೆ ಬೇಕೋ ಬೇಡವೋ ಎಂಬದನ್ನು ನಿರ್ಣಯಿಸುವದು ಪಟ್ಟಿ. ಹಣ ಕಟ್ಟಿದವನು ಅರಿತವನಾಗಲಿ ಅರಿಯದವನಾಗಲಿ, ಎಚ್ಚರವಾಗಿರಲಿ ತೂಕಡಿಸಲಿ, ಎಲೆಗಳು ಬೀಳುವ ಕ್ರಮವು ಕೂದಲಷ್ಟೂ ಬದಲಾಗದು. ನಮ್ಮ ಜಾತ್ರೆಗಳ ಮರೆಯಲ್ಲಿ ಚಾಪೆ ಹಾಸಿ ಆಡಿಸುವ ಅಂದರ್ ಬಾಹರ್ ಇದರ ಬಡ ತಮ್ಮನೇ ಸರಿ. ಅಲ್ಲಿ ಒಂದು ಎಲೆಯನ್ನು ತೆರೆದಿಟ್ಟು, ಅದರ ಜೋಡಿ ಒಳಗೆ ಬೀಳುವದೋ ಹೊರಗೆ ಬೀಳುವದೋ ಎಂದು ಕೇಳುತ್ತಾರೆ. ಇಲ್ಲಿ ಅದೇ ಪ್ರಶ್ನೆಯನ್ನು ಕೋಟು ತೊಡಿಸಿ, ದೀಪಗಳ ಕೆಳಗೆ ಕೂಡ್ರಿಸಿ ಕೇಳುತ್ತಾರೆ. ಎಲ್ಲಾ ಇಸ್ಪೀಟಿನ ಆಟಗಳೂ ಹೀಗೆಯೇ ಎಂದರೆ ಅನ್ಯಾಯವಾದೀತು. ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡುವದಕ್ಕೂ ಯಾವದನ್ನು ಹಿಡಿದು ಯಾವದನ್ನು ಬಿಡಬೇಕೆಂದು ಎಣಿಸುವದಕ್ಕೂ ಬುದ್ಧಿ ಬೇಕೆಂದು ನಮ್ಮ ಸುಪ್ರೀಮ್ ಕೋರ್ಟು 1967ರಲ್ಲಿ ತೀರ್ಮಾನಿಸಿತು. ಬ್ಯಾಕರಾದಲ್ಲಿ ಹಿಡಿಯುವದೂ ಇಲ್ಲ, ಬಿಡುವದೂ ಇಲ್ಲ.

ಹಾಗಾದರೆ 'ಬ್ಯಾಕರಾ ಕಲಿಯುವದು' ಎಂಬ ಮಾತಿಗೆ ಅರ್ಥವೇನು? ನೇಯುವವನ ಮಗನು ಮಗ್ಗದ ಮುಂದೆ ಕೂತಾಗ ಲಾಳಿಯನ್ನು ಒರಟಾಗಿ ಎಸೆದರೆ ನೂಲು ಕಡಿಯುತ್ತದೆ. ಕಡಿದ ನೂಲು ಅವನಿಗೆ ಉತ್ತರ. ನಾಳೆ ಅವನ ಕೈ ಮೆತ್ತಗಾಗುವದು. ಬಿತ್ತನೆಯಲ್ಲಿ ಆಳ ತಪ್ಪಿದವನಿಗೆ ಮೊಳಕೆಯು ಉತ್ತರ ಹೇಳುವದು. ಲೆಕ್ಕ ತಪ್ಪಿದ ಮಗುವಿಗೆ ಉತ್ತರವು ಸರಿಬಾರದೆ ಹೋಗುವದರಿಂದ ತಪ್ಪು ಗೊತ್ತಾಗುವದು. ನಾವು ಕಲಿಕೆ ಎನ್ನುವದು ಇದನ್ನೇ: ಮನುಷ್ಯನು ಕೇಳುತ್ತಾನೆ, ವಸ್ತುವು ಉತ್ತರ ಕೊಡುತ್ತದೆ, ಆ ಉತ್ತರದಿಂದ ಮನುಷ್ಯನು ತಿದ್ದಿಕೊಳ್ಳುತ್ತಾನೆ. ಬ್ಯಾಕರಾದ ಎಲೆಗಳಾದರೋ ಯಾರಿಗೂ ಉತ್ತರ ಕೊಡುವವುಗಳಲ್ಲ. ನಿನ್ನೆ ಸೋತವನು ಯಾಕೆ ಸೋತನೆಂಬದಕ್ಕೆ ಕಾರಣವಿಲ್ಲ. ಕಾರಣವಿಲ್ಲದ್ದರಿಂದ ಇಂದು ತಿದ್ದಿಕೊಳ್ಳುವದಕ್ಕೂ ಏನೂ ಇಲ್ಲ.

ಆದರೂ ಜನರು ತಿದ್ದಿಕೊಳ್ಳುತ್ತಲೇ ಇರುತ್ತಾರೆ. ಇಲ್ಲಿಯೇ ಕೇಡು ಅಡಗಿರುವದೆಂದು ನನಗೆ ತೋರುತ್ತದೆ. ಚೀನಾ ದೇಶದ ತೆಂಕಣ ಕರಾವಳಿಯಲ್ಲಿ ಮಕಾವು ಎಂಬ ಪಟ್ಟಣವುಂಟು. 1999ರ ವರೆಗೆ ಅದು ಪೋರ್ಚುಗೀಸರ ಆಳಿಕೆಯಲ್ಲಿತ್ತು. 2006ರಲ್ಲಿ ಅದು ಜೂಜಿನ ಆದಾಯದಲ್ಲಿ ಅಮೇರಿಕದ ಲಾಸ್ ವೇಗಸನ್ನು ಮೀರಿತು, ಆ ಆದಾಯದ ಬಹುಪಾಲು ಬ್ಯಾಕರಾದಿಂದಲೇ ಬರುತ್ತದೆ. ಅಲ್ಲಿಯೂ ಬೇರೆ ಕಡೆಗಳಲ್ಲಿಯೂ ಜೂಜಿನ ಮನೆಯವರು ಆಡುವವರಿಗೆ ಗೆರೆ ಎಳೆದ ಕಾಗದವನ್ನೂ ಬರೆಯುವ ಕಡ್ಡಿಯನ್ನೂ ಧರ್ಮಕ್ಕೆ ಕೊಡುತ್ತಾರೆ. ಬ್ಯಾಂಕರ್ ಗೆದ್ದರೆ ಕೆಂಪು ಗುರುತು, ಪ್ಲೇಯರ್ ಗೆದ್ದರೆ ನೀಲಿ ಗುರುತು ಹಾಕಿ ಸಾಲು ಸಾಲಾಗಿ ಬರೆಯುತ್ತಾರೆ. ಈ ಸಾಲುಗಳಿಗೆ 'ದಾರಿ' ಎಂದು ಹೆಸರು: ದೊಡ್ಡ ದಾರಿ, ಸಣ್ಣ ದಾರಿ, ಜಿರಳೆಯ ದಾರಿ ಎಂದು ಅವುಗಳಲ್ಲಿ ಭೇದಗಳುಂಟು. ಕಾಗದ ಸಾಲದೆಂದು ಮೇಜಿನ ಬಳಿಯಲ್ಲಿ ಹೊಳೆಯುವ ಹಲಗೆಗಳ ಮೇಲೂ ಅವನ್ನು ತೋರಿಸುತ್ತಾರೆ. ಕೆಂಪು ಐದು ಸಾರಿ ಬಂತು, ಇನ್ನು ನೀಲಿ ಬರಬೇಕು ಎಂದು ಒಬ್ಬನು. ಕೆಂಪು ಹಿಡಿದಿದೆ, ಅದನ್ನೇ ಹಿಂಬಾಲಿಸಬೇಕು ಎಂದು ಇನ್ನೊಬ್ಬನು. ಪರೀಕ್ಷೆಗೆ ಓದುವ ವಿದ್ಯಾರ್ಥಿಗಿಂತ ಶ್ರದ್ಧೆಯಿಂದ ಬರೆಯುತ್ತಾರೆ. ಪೆಟ್ಟಿಗೆಯಿಂದ ತೆಗೆದ ಎಲೆ ತಿರಿಗಿ ಸೇರದಿರುವದರಿಂದ ಮಿಕ್ಕ ಎಲೆಗಳಲ್ಲಿ ಅತ್ಯಲ್ಪ ಭೇದವಾಗುವದು ನಿಜ. ಆದರೆ ಅಮೇರಿಕದ ಗಣಿತಪಂಡಿತನಾದ ಎಡ್ವರ್ಡ್ ಥಾರ್ಪ್ ಎಂಬವನು 1960ರ ದಶಕದಲ್ಲಿ ಇದನ್ನು ಪರೀಕ್ಷಿಸಿ, ಬ್ಯಾಂಕರಿಗೂ ಪ್ಲೇಯರಿಗೂ ಕಟ್ಟುವವನಿಗೆ ಆ ಭೇದದಿಂದ ಉಪಯೋಗವಿಲ್ಲವೆಂದು ಕಂಡನು. ಕೆಂಪು ನೀಲಿ ಗುರುತುಗಳಿಗಂತೂ ಮುಂದಿನ ಎಲೆಯ ಪರಿಚಯವೇ ಇಲ್ಲ.

ಹಾಗಾದರೆ ಒಂದೊಂದು ಪೈಯನ್ನೂ ಎಣಿಸುವ ಆ ಮನೆಯವರು ಕಾಗದವನ್ನೂ ಕಡ್ಡಿಯನ್ನೂ ಯಾಕೆ ಧರ್ಮಕ್ಕೆ ಕೊಡುತ್ತಾರೆ? ಕಲಿಯುತ್ತಿದ್ದೇನೆಂದು ನೆನಸುವವನು ಎದ್ದು ಹೋಗುವದಿಲ್ಲವಾದ್ದರಿಂದಲೇ. ಬರೇ ಅದೃಷ್ಟವೆಂದು ತಿಳಿದವನಿಗೆ ಬೇಸರ ಬರುವದು. ಆದರೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಗುಟ್ಟು ಗೊತ್ತಾದೀತೆಂದು ನಂಬಿದವನು ಸೂರ್ಯೋದಯದ ವರೆಗೆ ಕೂತಾನು. ಅವನು ಸೋಮಾರಿಯಲ್ಲ, ಶ್ರಮಪಡುವವನೇ. ಕ್ರಮವನ್ನು ಹುಡುಕುವ ಬುದ್ಧಿ, ತಪ್ಪಿನಿಂದ ಕಲಿಯುವ ತಾಳ್ಮೆ, ಬರೆದಿಡುವ ಶಿಸ್ತು ಇವೆಲ್ಲಾ ಒಳ್ಳೇ ಗುಣಗಳು. ಮೀನಿಗೆ ಹುಳವನ್ನು ಸಿಕ್ಕಿಸುವಂತೆ ಇಲ್ಲಿ ಗಾಳಕ್ಕೆ ಈ ಗುಣಗಳನ್ನೇ ಸಿಕ್ಕಿಸಿದ್ದಾರೆ. ಹಣ ಹೋದರೆ ದುಡಿದು ಸಂಪಾದಿಸಬಹುದು. ಆದರೆ ಕಾರಣವಿಲ್ಲದ ಕಡೆ ಕಾರಣವನ್ನು ಕಾಣುವದಕ್ಕೆ ಅಭ್ಯಾಸವಾದ ಬುದ್ಧಿಯನ್ನು ಸರಿಮಾಡುವದು ಕಷ್ಟ.

ಲೆಕ್ಕವನ್ನೂ ಸ್ವಲ್ಪ ನೋಡೋಣ. ಸಾವಿರ ಆಟಗಳಲ್ಲಿ ಸುಮಾರು 459ನ್ನು ಬ್ಯಾಂಕರ್, 446ನ್ನು ಪ್ಲೇಯರ್ ಗೆಲ್ಲುವದು, 95 ಸಮವಾಗುವವು. ಇದರ ಮೇಲೆ ಸಲ್ಲಿಸುವ ಹಣವನ್ನು ಎಣಿಸಿದರೆ ಪ್ರತಿ ನೂರು ರೂಪಾಯಿಗೆ ಬ್ಯಾಂಕರ್ ಪಕ್ಷದಲ್ಲಿ ಸರಾಸರಿ 1 ರೂಪಾಯಿ 6 ಪೈಸೆ, ಪ್ಲೇಯರ್ ಪಕ್ಷದಲ್ಲಿ 1 ರೂಪಾಯಿ 24 ಪೈಸೆ, ಸಮಕ್ಕೆ ಕಟ್ಟಿದರೆ 14 ರೂಪಾಯಿಗಿಂತಲೂ ಹೆಚ್ಚು ಮನೆಗೆ ಸೇರುವದು. ಒಂದೂಕಾಲು ರೂಪಾಯಿ ಏನು ಮಹಾ ಎನ್ನುವಿರಿ. ಗಂಟೆಗೆ 60 ಆಟಗಳಾದರೆ ಅದು 74 ರೂಪಾಯಿಗಿಂತ ಮೇಲಾಯಿತು. ಅದೂ ಸೋತವನ ಸಿಟ್ಟು ಪಣವನ್ನು ಏರಿಸದೆ ಇದ್ದರೆ. ಸೋತಾಗಲೆಲ್ಲಾ ಎರಡರಷ್ಟು ಕಟ್ಟಿದರೆ ಒಮ್ಮೆ ಗೆದ್ದಾಗ ಎಲ್ಲಾ ತಿರಿಗಿ ಬರುವದೆಂಬ ಉಪಾಯವನ್ನು ಕಲಿಸುವವರೂ ಇದ್ದಾರೆ. ನೂರು ರೂಪಾಯಿಯಿಂದ ತೊಡಗಿ ಹತ್ತು ಸಾರಿ ಎಡೆಬಿಡದೆ ಸೋತವನು 1,02,300 ರೂಪಾಯಿಗಳನ್ನು ಕಳಕೊಂಡಿರುವನು. ಹನ್ನೊಂದನೆಯ ಸಾರಿ 1,02,400 ಕಟ್ಟಬೇಕು, ಗೆದ್ದರೂ ಕೈಗೆ ಉಳಿಯುವದು ಆ ಮೊದಲಿನ ನೂರೇ. ಹತ್ತು ಸೋಲು ಅಪರೂಪವೆನ್ನಬಹುದು. ಅಪರೂಪವಾದದ್ದು ಎಂದೂ ಬಾರದೆಂದು ನಂಬಿ ಯಾವ ರೈತನಾದರೂ ಕೆರೆಯ ಕೋಡಿಯನ್ನು ಮುಚ್ಚುವನೋ?

ಕಲಿಯುವದಕ್ಕೆ ಏನೂ ಇಲ್ಲದ ಕಡೆಯಲ್ಲಿ ಗೆಲ್ಲಬೇಕೆನ್ನುವವನಿಗೆ ಉಳಿಯುವ ಹಾದಿ ಯಾವದು? ಇದಕ್ಕೆ ಎರಡು ವ್ಯಾಜ್ಯಗಳನ್ನು ಹೇಳುವೆನು. 1890ನೇ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಯಾರ್ಕ್‌ಶಯರ್ ಸೀಮೆಯ ಟ್ರಾನ್‌ಬಿ ಕ್ರಾಫ್ಟ್ ಎಂಬ ಬಂಗಲೆಯಲ್ಲಿ ಯುವರಾಜನೇ (ಆಮೇಲೆ ಏಳನೆಯ ಎಡ್ವರ್ಡ್ ಅರಸನಾದವನು) ಬ್ಯಾಂಕರಾಗಿ ಬ್ಯಾಕರಾ ಆಡಿಸಿದನು. ಹಣಕ್ಕೆ ಬದಲಾಗಿ ಇಡುವ ಬಿಲ್ಲೆಗಳು ಸಹ ಅವನವೇ. ಆ ಕಾಲದ ಪದ್ಧತಿಯಲ್ಲಿಯೂ ಆಡುವವನ ಕೈಯಲ್ಲಿದ್ದ ಆಯ್ಕೆ ಅತ್ಯಲ್ಪವೇ. ಸರ್ ವಿಲಿಯಮ್ ಗೋರ್ಡನ್ ಕಮ್ಮಿಂಗ್ ಎಂಬ ಸೈನ್ಯಾಧಿಕಾರಿಯು ಎರಡು ರಾತ್ರಿಗಳಲ್ಲಿ 225 ಪೌಂಡು ಗೆದ್ದನು. ಎಲೆಗಳು ತೆರೆದ ಮೇಲೆ ತನ್ನ ಬಿಲ್ಲೆಗಳನ್ನು ಹೆಚ್ಚಿಸುತ್ತಿದ್ದನೆಂದು ಅವನ ಮೇಲೆ ತಪ್ಪು ಹೊರಿಸಲಾಯಿತು. ಇನ್ನು ಮೇಲೆ ಇಸ್ಪೀಟು ಮುಟ್ಟೆನೆಂದು ಅವನಿಂದ ರುಜು ಹಾಕಿಸಿದರು. ಸುದ್ದಿ ಹೊರಬಿದ್ದಾಗ ಅವನು ಮಾನನಷ್ಟದ ದಾವೆ ಹೂಡಿದನು. 1891ನೇ ಜೂನಿನಲ್ಲಿ ಯುವರಾಜನು ಸಾಕ್ಷಿ ಹೇಳಬೇಕಾಯಿತು. ಪಂಚರು 13 ಮಿನಿಟುಗಳಲ್ಲಿ ಅವನಿಗೆ ವಿರೋಧವಾಗಿ ತೀರ್ಪು ಕೊಟ್ಟರು. ಅವನು ನಿಜವಾಗಿ ಮೋಸ ಮಾಡಿದನೋ ಇಲ್ಲವೋ ಎಂದು ಇಂದಿನ ವರೆಗೂ ವಾದಿಸುವವರುಂಟು. ಅವನನ್ನು ಸೈನ್ಯದಿಂದ ತೆಗೆದುಹಾಕಿದರು. ಬಿಲ್ಲೆಗಳ ಒಡೆಯನು ಮುಂದೆ ಸಿಂಹಾಸನವನ್ನೇರಿದನು.

ಇನ್ನೊಂದು ನಮ್ಮ ಕಾಲದ್ದು. ಇದು ಹೆಚ್ಚು ಯೋಚನೆಗೆ ತಕ್ಕದ್ದು. ಫಿಲ್ ಐವಿ ಎಂಬ ಅಮೇರಿಕದ ಹೆಸರಾದ ಇಸ್ಪೀಟುಗಾರನು 2012ರಲ್ಲಿ ಲಂಡನಿನ ಕ್ರಾಕ್‌ಫರ್ಡ್ಸ್ ಎಂಬ ಜೂಜಿನ ಮನೆಯಲ್ಲಿ ಇದೇ ಆಟದಿಂದ 77 ಲಕ್ಷ ಪೌಂಡು ಗೆದ್ದನು. ಅವನು ಎಲೆಗಳನ್ನು ಮುಟ್ಟಲಿಲ್ಲ. ಎಲೆಗಳ ಬೆನ್ನಿನ ಚಿತ್ರವು ಒಂದು ಅಂಚಿನಲ್ಲಿ ಒಂದು ವಿಧ, ಎದುರಿನ ಅಂಚಿನಲ್ಲಿ ಕೂದಲೆಳೆಯಷ್ಟು ಬೇರೆ ವಿಧವಾಗಿ ಇರುವದನ್ನು ಅವನೂ ಅವನ ಸಂಗಡದವಳೂ ಗುರುತಿಸಿದ್ದರು. ಅದೃಷ್ಟದ ಮೂಢನಂಬಿಕೆಯ ನೆವ ಹೇಳಿ, ಏಳು ಎಂಟು ಒಂಬತ್ತರ ಎಲೆಗಳನ್ನು ಬೇರೆ ದಿಕ್ಕಿಗೆ ತಿರುಗಿಸುವಂತೆ ಆಳಿನಿಂದ ಮಾಡಿಸಿದರು; ಆ ಮೇಲೆ ಪೆಟ್ಟಿಗೆಯ ಬಾಯಲ್ಲಿರುವ ಎಲೆಯು ದೊಡ್ಡದೋ ಚಿಕ್ಕದೋ ಎಂದು ಮುಂಚಿತವಾಗಿ ತಿಳಿದು ಕಟ್ಟಿದರು. ಮನೆಯವರು ಹಣ ಕೊಡಲಿಲ್ಲ. ಇದು ಕಣ್ಣಿನ ಜಾಣತನವೇ ಹೊರತು ಮೋಸವಲ್ಲವೆಂದು ಅವನು ವಾದಿಸಿದನು, ಮನಸ್ಸಾರೆ ಹಾಗೆ ನಂಬಿಯೂ ಇದ್ದನು. ಬ್ರಿಟನಿನ ಸುಪ್ರೀಮ್ ಕೋರ್ಟು 2017ನೇ ಅಕ್ಟೋಬರಿನಲ್ಲಿ, ಅವನ ನಂಬಿಕೆ ಏನೇ ಇರಲಿ, ಮಾಡಿದ್ದು ಮೋಸವೇ ಎಂದು ತೀರ್ಮಾನಿಸಿತು. ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಯಾಕಂದರೆ ಸುಳ್ಳು ನೆವ ಹೇಳಿ ಆಳಿನ ಕೈಯನ್ನು ತನ್ನ ಕೈಯಾಗಿ ಮಾಡಿಕೊಂಡನು. ಆದರೂ ಗಮನಿಸಿರಿ: ಅದೃಷ್ಟದ ಭ್ರಮೆಯುಳ್ಳವನಂತೆ ನಟಿಸುವ ವರೆಗೆ ಅವನು ಕೇಳಿದ್ದನ್ನೆಲ್ಲಾ ಮನೆಯವರು ನಡಿಸಿಕೊಟ್ಟರು. ನಿಜವಾದ ತಿಳುವಳಿಕೆ ಉಂಟೆಂದು ಕಂಡ ಕೂಡಲೆ ಹಣವನ್ನು ತಡೆದರು. ಆ ಮೇಜಿನಲ್ಲಿ ಸುಳ್ಳು ಕಲಿಕೆಗೆ ಕಾಗದವೂ ಕಡ್ಡಿಯೂ ಸಿಕ್ಕುವವು, ನಿಜವಾದ ತಿಳುವಳಿಕೆಗೆ ಸ್ಥಳವೇ ಇಲ್ಲ.

ಒಂದು ಆಕ್ಷೇಪವನ್ನು ಮರೆಮಾಚುವದು ನ್ಯಾಯವಲ್ಲ. ನಾಟಕಕ್ಕೆ ಹಣ ಕೊಡುವಂತೆ ಒಂದು ಸಂಜೆಯ ವಿನೋದಕ್ಕೆ ಕೊಡುತ್ತೇನೆ, ಬೆಲೆಯೂ ಗೊತ್ತುಂಟು ಎಂದು ಯಾವನಾದರೂ ಹೇಳಿದರೆ, ಅವನಿಗೆ ನಾನು ಮರುಳನೆಂದು ಹೇಳಲಾರೆ. ಚೀಟು ಹಾಕುವದೇ ಪಾಪವೆಂದೂ ಹೇಳಲಾರೆ. ಇಸ್ರಾಯೇಲ್ಯರು ಭೂಮಿಯನ್ನು ಚೀಟಿನಿಂದ ಹಂಚಿಕೊಂಡರು, ಯೂದನ ಸ್ಥಾನಕ್ಕೆ ಮತ್ತೀಯನನ್ನು ಚೀಟಿನಿಂದಲೇ ಆರಿಸಿದರು. ಅಲ್ಲಿ ಯಾರೂ ಚೀಟನ್ನು ಕಲಿತು ಗೆಲ್ಲುವೆನೆನ್ನಲಿಲ್ಲ, ಒಬ್ಬನ ನಷ್ಟವು ಇನ್ನೊಬ್ಬನ ವ್ಯಾಪಾರವೂ ಆಗಲಿಲ್ಲ. ಆದರೆ ಬೆಲೆಯನ್ನು ತಿಳಿದು ವಿನೋದಕ್ಕಾಗಿ ಹೋಗುವವನು 'ಕಲಿಯುತ್ತೇನೆ' ಎಂದು ಹೇಳುವದಿಲ್ಲ. ನಾಟಕ ನೋಡುವದನ್ನು ಯಾರು ಕಲಿಯುತ್ತಾರೆ? ಆ ಮಾತು ಬಾಯಲ್ಲಿ ಬಂದಾಗಲೇ ಮನಸ್ಸಿನಲ್ಲಿ ಬೇರೊಂದು ಲೆಕ್ಕವಿದೆಯೆಂದು ತಿಳಿಯಬೇಕು.

ಹೀಗಿರಲಾಗಿ, ಕಲಿಯುತ್ತೇನೆನ್ನುವ ಮಗನನ್ನು ತಂದೆತಾಯಿಗಳು ಬೈಯಬೇಕಾಗಿಲ್ಲ. ಒಂದು ಕಟ್ಟು ಎಲೆಗಳನ್ನೂ ಒಂದು ಕಾಗದವನ್ನೂ ಮನೆಯಲ್ಲಿಯೇ ಕೊಡಿರಿ. ಹಣ ಬೇಡ, ಹುಣಿಸೆಯ ಬೀಜವೂ ಬೇಡ. ಮೇಲೆ ಹೇಳಿದ ಕ್ರಮದಂತೆ ನೂರು ಆಟ ಹಾಕಲಿ. ಬ್ಯಾಂಕರಿನ ಪಟ್ಟಿ ತೊಡಕೆಂದು ತೋರಿದರೆ ಎರಡೆರಡು ಎಲೆಗಳಿಗೇ ನಿಲ್ಲಿಸಲಿ. ಪ್ರತಿ ಆಟಕ್ಕೆ ಮೊದಲು, ಹಿಂದಿನ ಸಾಲನ್ನು ಎಷ್ಟು ಹೊತ್ತು ಬೇಕಾದರೂ ನೋಡಿ, ಯಾವ ಪಕ್ಷ ಗೆಲ್ಲುವದೆಂದು ಬರೆದಿಡಲಿ. ಎಲೆ ತೆರೆದ ಮೇಲೆ ಒಂದಕ್ಷರವನ್ನೂ ತಿದ್ದಬಾರದು. ಸಮವಾದವುಗಳನ್ನು ಬಿಟ್ಟು, ಸರಿಯಾದದ್ದೆಷ್ಟು ತಪ್ಪಿದ್ದೆಷ್ಟು ಎಂದು ರಾತ್ರಿ ಎಣಿಸಲಿ. ಮಾರಣೆಯ ದಿವಸ ಇನ್ನೊಂದು ನೂರು ಹಾಕಿ, ನಿನ್ನೆಯ ಅಭ್ಯಾಸದಿಂದ ಆ ಲೆಕ್ಕವು ಎಷ್ಟು ಏರಿತೆಂದು ತಾನೇ ನೋಡಲಿ.