ಮಾರಿದ ಕಾರು, ಉಳಿದ ಹೆಸರು



ನಿವೃತ್ತ ಮೇಷ್ಟರೊಬ್ಬರನ್ನು ಕಲ್ಪಿಸಿಕೊಳ್ಳಿ. ಮಕ್ಕಳನ್ನು ಶಾಲೆಗೆ, ಮನೆಮಂದಿಯನ್ನು ಭಾನುವಾರದ ಪೂಜೆಗೆ ಹದಿನೈದು ವರ್ಷ ಕರೆದೊಯ್ದ ಹಳೆಯ ಕಾರನ್ನು ಅವರು ಮಾರಿದರು. ಕೊಳ್ಳಲು ಬಂದವನು ಚೌಕಾಸಿ ಮಾಡದೆ ಹಣ ಎಣಿಸಿಕೊಟ್ಟ. ಮೇಷ್ಟರು ಬೀಗದ ಕೈ, ಆರ್.ಸಿ., ಇನ್ಶೂರೆನ್ಸ್ ಕಾಗದ ಎಲ್ಲವನ್ನೂ ಕೊಟ್ಟು, ಅವನು ಬೆರಳಿಟ್ಟು ತೋರಿಸಿದ ಕಡೆಯಲ್ಲೆಲ್ಲ ಖಾಲಿ ಫಾರಂಗಳಿಗೆ ಸಹಿ ಹಾಕಿದರು. "ಹೆಸರು ಬದಲಾವಣೆ ನಾನೇ ಮಾಡಿಸಿಕೊಳ್ಳುತ್ತೇನೆ ಸಾರ್, ಈ ವಯಸ್ಸಿನಲ್ಲಿ ನೀವು ಆರ್.ಟಿ.ಓ. ಆಫೀಸಿಗೆ ಅಲೆಯಬೇಡಿ" ಎಂದ ಆತ. ಮೇಷ್ಟರಿಗೆ ಅದು ಉಪಕಾರವೆಂದೇ ತೋರಿತು.

ಎಂಟು ತಿಂಗಳ ಬಳಿಕ ಅವರ ಮೊಬೈಲಿಗೆ ಸಂದೇಶ ಬಂತು: ಸಿಗ್ನಲ್ ದಾಟಿದ್ದಕ್ಕೆ ದಂಡ. ಮತ್ತೆ ಕೆಲವು ದಿನಗಳಲ್ಲಿ ಇನ್ನೊಂದು: ಅತಿವೇಗಕ್ಕೆ ದಂಡ. ಕೊಂಡವನಿಗೆ ಫೋನು ಮಾಡಿದರೆ, "ಅದನ್ನು ಬೇರೆಯವರಿಗೆ ಕೊಟ್ಟು ಬಹಳ ದಿನವಾಯಿತಲ್ಲ ಸಾರ್" ಎಂದ. ಕೊನೆಗೊಂದು ದಿನ ನ್ಯಾಯಾಲಯದ ನೋಟೀಸು ಮನೆಗೆ ಬಂತು. ಆ ಕಾರು ಕೂಲಿಕಾರನೊಬ್ಬನಿಗೆ ಗುದ್ದಿತ್ತು. ಅವನು ಬದುಕಲಿಲ್ಲ. ಹೊಸಬರು ಯಾರೂ ವಿಮೆ ಕಟ್ಟಿರಲಿಲ್ಲ. ಪರಿಹಾರ ಕೇಳಿ ಅವನ ಹೆಂಡತಿ ಹಾಕಿದ ಅರ್ಜಿಯಲ್ಲಿ 'ಮಾಲೀಕ' ಎಂಬ ಜಾಗದಲ್ಲಿ ಮೇಷ್ಟರ ಹೆಸರಿತ್ತು.

"ಆ ಕಾರನ್ನು ನಾನು ಮುಟ್ಟಿ ಒಂದು ವರ್ಷವಾಯಿತು. ನಾನು ಮಾಡಿದ ತಪ್ಪಾದರೂ ಏನು?" ಇದು ಮೇಷ್ಟರ ಪ್ರಶ್ನೆ. ಅವರ ಜಾಗದಲ್ಲಿ ನೀವಿದ್ದರೂ ಇದನ್ನೇ ಕೇಳುತ್ತಿದ್ದಿರಿ. ಈ ಪ್ರಶ್ನೆಗೆ ಕಾನೂನು ಒಂದು ಉತ್ತರ ಕೊಡುತ್ತದೆ. ಮನಸ್ಸಾಕ್ಷಿ ಕೊಡಬೇಕಾದ ಉತ್ತರವೂ ಒಂದಿದೆ. ಎರಡನ್ನೂ ಸಮಾಧಾನದಿಂದ ನೋಡೋಣ.

ಮೊದಲು ಕಾನೂನು. 1988ರ ಮೋಟಾರು ವಾಹನ ಕಾಯಿದೆಯ ಎರಡನೆಯ ಕಲಮಿನ ಪ್ರಕಾರ, ಕೆಲವು ಅಪವಾದಗಳನ್ನು ಬಿಟ್ಟರೆ, ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಹಣ ಯಾರು ಕೊಟ್ಟರು, ಬೀಗದ ಕೈ ಯಾರ ಜೇಬಿನಲ್ಲಿದೆ ಎಂದು ಅದು ಕೇಳುವುದಿಲ್ಲ. ಅದೇ ಕಾಯಿದೆಯ 50ನೆಯ ಕಲಮು ಹೇಳುವಂತೆ, ಒಂದೇ ರಾಜ್ಯದೊಳಗೆ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಕೊಂಡವರು 30 ದಿನಗಳೊಳಗೆ ತಿಳಿಸಿ ಹೆಸರು ಬದಲಾಯಿಸಿಕೊಳ್ಳಬೇಕು. ಇದಕ್ಕಾಗಿಯೇ ಫಾರಂ 29 ಮತ್ತು ಫಾರಂ 30 ಇವೆ. ಮೇಷ್ಟರು ಸಹಿ ಹಾಕಿದ್ದು ಇವಕ್ಕೇ. ಆದರೆ ಆ ಕಾಗದಗಳು ಆರ್.ಟಿ.ಓ. ಆಫೀಸಿನ ಮೆಟ್ಟಿಲು ಹತ್ತಲೇ ಇಲ್ಲ.

ಇಂಥದೇ ಒಂದು ಮೊಕದ್ದಮೆ ನಮ್ಮ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. 2007ರಲ್ಲಿ ಒಬ್ಬರು ತಮ್ಮ ಕಾರನ್ನು ಮಾರಿದರು. ಅದು ಒಬ್ಬರಿಂದ ಒಬ್ಬರಿಗೆ ಕೈ ದಾಟುತ್ತಾ ಹೋಯಿತು. ನೋಂದಣಿ ಮಾತ್ರ ಮೊದಲಿನವರ ಹೆಸರಿನಲ್ಲೇ ಉಳಿಯಿತು. 2009ರ ಮೇ ತಿಂಗಳಲ್ಲಿ ಆ ಕಾರಿನಿಂದ ಅಪಘಾತವಾಗಿ ಒಂದು ಜೀವ ಹೋಯಿತು. 2018ರ ಫೆಬ್ರವರಿಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಕಾರು ಎಷ್ಟು ಕೈ ದಾಟಿದ್ದರೂ, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ. ನೊಂದವರು ಒಬ್ಬರಾದ ಮೇಲೊಬ್ಬರಂತೆ ಕೊಂಡವರನ್ನೆಲ್ಲ ಹುಡುಕಿಕೊಂಡು ಅಲೆಯುವಂತಾಗಬಾರದು ಎಂಬುದು ಆ ತೀರ್ಪಿನ ಹಿಂದಿದ್ದ ಕಾರಣ.

"ಇದು ಅನ್ಯಾಯವಲ್ಲವೇ?" ಎಂದು ನೀವು ಕೇಳಬಹುದು. ಕೇಳಬೇಕಾದ ಮಾತೇ. ಒಬ್ಬನ ಪಾಪಕ್ಕೆ ಇನ್ನೊಬ್ಬ ಬಾಧ್ಯನಲ್ಲ ಎಂದು ನಾವು ಚಿಕ್ಕಂದಿನಿಂದಲೂ ಕಲಿತಿದ್ದೇವೆ. ಅರಿವು ಮತ್ತು ಸಮ್ಮತಿ ಇಲ್ಲದ ಕಡೆ ಪಾಪವಿಲ್ಲ. ಆದ್ದರಿಂದ ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಕೂಲಿಕಾರನ ಸಾವು ಮೇಷ್ಟರ ಪಾಪವಲ್ಲ. ಅದನ್ನು ಅವರು ಪಾಪನಿವೇದನೆಯಲ್ಲಿ ಹೇಳಿಕೊಳ್ಳಬೇಕಾಗಿಲ್ಲ. ಹಗಲಿರುಳು ಅದನ್ನೇ ನೆನೆದು ಕೊರಗಬೇಕಾಗಿಯೂ ಇಲ್ಲ.

ಆದರೆ ಪಾಪ ಬೇರೆ, ಹೊಣೆ ಬೇರೆ. ನಾವು ದಿನನಿತ್ಯದ ಮಾತಿನಲ್ಲಿ ಇವೆರಡನ್ನೂ ಕಲಸಿಬಿಡುತ್ತೇವೆ. 'ನನ್ನ ತಪ್ಪಿಲ್ಲ, ಆದ್ದರಿಂದ ನನಗೆ ಸಂಬಂಧವಿಲ್ಲ' ಎನ್ನುತ್ತೇವೆ. ವಿಮೋಚನಾಕಾಂಡದ 21ನೆಯ ಅಧ್ಯಾಯದಲ್ಲಿ ಗುಂಡಿಯ ಬಗ್ಗೆ ಒಂದು ಸಣ್ಣ ನಿಯಮವಿದೆ. ಗುಂಡಿ ತೋಡಿದವನು ಅದನ್ನು ಮುಚ್ಚದೆ ಬಿಟ್ಟು, ಬೇರೆಯವರ ಎತ್ತೋ ಕತ್ತೆಯೋ ಅದರಲ್ಲಿ ಬಿದ್ದು ಸತ್ತರೆ, ಗುಂಡಿಯ ಒಡೆಯನು ಬೆಲೆ ತೆರಬೇಕು. ಎತ್ತನ್ನು ಅವನು ತಳ್ಳಲಿಲ್ಲ. ಅದು ಬಿದ್ದಾಗ ಅವನು ಮನೆಯಲ್ಲಿ ಮಲಗಿದ್ದಿರಬಹುದು. ಆದರೂ ತೆರಬೇಕು, ಏಕೆಂದರೆ ಮುಚ್ಚುವ ಕೆಲಸ ಅವನದಾಗಿತ್ತು. ಅವನು ಮುಚ್ಚುತ್ತಾನೆಂದು ನಂಬಿ ಇತರರು ಆ ದಾರಿಯಲ್ಲಿ ನಡೆದಿದ್ದರು.

ಮೇಷ್ಟರು ಮುಚ್ಚದೆ ಬಿಟ್ಟ ಗುಂಡಿ ಅವರ ಹೆಸರು. ನಂಬರ್ ಪ್ಲೇಟು ಎಂದರೆ ರಸ್ತೆಯಲ್ಲಿ ಹೋಗುವ ಅಪರಿಚಿತರಿಗೆ ನಾವು ಕೊಟ್ಟ ಮಾತು: 'ಈ ಗಾಡಿಯಿಂದ ನಿಮಗೆ ಕೇಡಾದರೆ, ಕೇಳಲು ಇಂಥವರು ಇದ್ದಾರೆ.' ಕಾರನ್ನು ಮಾರಿದ ದಿನ ಮೇಷ್ಟರು ಕಾರನ್ನು ಕೊಟ್ಟರು, ಮಾತನ್ನು ಹಿಂದಕ್ಕೆ ಪಡೆಯಲಿಲ್ಲ. ಆ ವಿಧವೆಯ ಕಡೆಯಿಂದ ನೋಡಿ. ಮೇಷ್ಟರಿಗೆ ಒಂದು ದಿನ ಆಫೀಸಿಗೆ ಹೋಗಿ ಬರುವ ಅವಕಾಶವಿತ್ತು. ಅವಳಿಗೆ ಯಾವ ಅವಕಾಶವಿತ್ತು? ನಷ್ಟವನ್ನು ಯಾರಾದರೂ ಹೊರಲೇಬೇಕಾದಾಗ, ಸ್ವಲ್ಪ ಅಜಾಗರೂಕರಾಗಿದ್ದವರಿಗಿಂತ ಏನೂ ಮಾಡಲಾಗದಿದ್ದವಳ ಮೇಲೆ ಅದನ್ನು ಹೊರಿಸುವುದು ಹೆಚ್ಚಿನ ಅನ್ಯಾಯ.

ಇಲ್ಲಿ ದಂಡಕ್ಕೂ ಪರಿಹಾರಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ದಂಡವೆಂಬುದು ಶಿಕ್ಷೆ. ಶಿಕ್ಷೆ ತಪ್ಪು ಮಾಡಿದವನಿಗೇ ಸಲ್ಲಬೇಕು. ಸಿಗ್ನಲ್ ದಾಟಿದವನು ಬೇರೆಯವನಾಗಿದ್ದರೆ, ಆ ಸತ್ಯವನ್ನು ಪೊಲೀಸರಿಗೆ ಹೇಳುವುದು ಮೇಷ್ಟರ ಹಕ್ಕು. ಅಧಿಕಾರವುಳ್ಳ ಪೊಲೀಸರು ಕೇಳಿದಾಗ ಗಾಡಿ ಓಡಿಸಿದವರ ಹೆಸರು ವಿಳಾಸ ಕೊಡುವುದು ಮಾಲೀಕರ ಕರ್ತವ್ಯವೆಂದು ಕಾಯಿದೆಯ 133ನೆಯ ಕಲಮು ಕೂಡ ಹೇಳುತ್ತದೆ. ಆದರೆ ಮಾರಾಟದ ಕಾಗದವೇ ಇಲ್ಲದವರು ಯಾರ ವಿಳಾಸ ಕೊಟ್ಟಾರು? ಪರಿಹಾರವಾದರೋ ಶಿಕ್ಷೆಯಲ್ಲ, ಮುರಿದದ್ದನ್ನು ಕೈಲಾದಷ್ಟು ಕಟ್ಟಿಕೊಡುವುದು. ಅಲ್ಲಿ ಮೊದಲು ನೊಂದವರ ಮನೆಯ ಒಲೆ ಉರಿಯಬೇಕು. ಆಮೇಲೆ ಮೇಷ್ಟರು ಕೊಂಡವನ ಮೇಲೆ ತಮ್ಮ ವ್ಯಾಜ್ಯ ನಡೆಸಬಹುದು.

ಗುರುಮಠದಲ್ಲಿ ನಾವು ನೀತಿಶಾಸ್ತ್ರ ಓದುವಾಗ ಒಂದು ಹಳೆಯ ಚರ್ಚೆ ಬರುತ್ತಿತ್ತು. ಸರಕಾರದ ಕೆಲವು ನಿಯಮಗಳು ಮನಸ್ಸಾಕ್ಷಿಯನ್ನು ಕಟ್ಟುವುದಿಲ್ಲ. ಸಿಕ್ಕಿಬಿದ್ದಾಗ ದಂಡ ಕಟ್ಟಿದರೆ ಸಾಕು ಎಂದು ಹಿಂದಿನ ಕೆಲವು ಪಂಡಿತರು ವಾದಿಸಿದ್ದರು. ಹೆಸರು ವರ್ಗಾವಣೆಯನ್ನು ನಮ್ಮಲ್ಲಿ ಅನೇಕರು ಇಂಥ ನಿಯಮವೆಂದೇ ಭಾವಿಸಿದ್ದಾರೆ: ಆಫೀಸಿನ ಕಾಟ, ದಲ್ಲಾಳಿಯ ಕೆಲಸ, ಮಾಡಿದರೂ ಆಯಿತು ಬಿಟ್ಟರೂ ಆಯಿತು. ನನಗೆ ಹಾಗೆ ತೋರುವುದಿಲ್ಲ. ಯಾವ ನಿಯಮದ ಹಿಂದೆ ನಮ್ಮ ನೆರೆಯವನ ಜೀವವೂ ಅವನ ಮಕ್ಕಳ ಅನ್ನವೂ ನಿಂತಿವೆಯೋ, ಅದು ಮನಸ್ಸಾಕ್ಷಿಯನ್ನು ಕಟ್ಟುತ್ತದೆ.

ಕೊಂಡವನ ವಿಷಯವನ್ನೂ ಹೇಳಬೇಕು, ಏಕೆಂದರೆ ಹೆಚ್ಚಿನ ತಪ್ಪು ಅವನದೇ. ಬೇಕೆಂದೇ ಹೆಸರು ಬದಲಾಯಿಸದೆ, ದಂಡವೆಲ್ಲ ಹಳಬರಿಗೆ ಹೋಗಲಿ ಎಂದು ಓಡಿಸುವವನು ಇನ್ನೊಬ್ಬರ ಹೆಸರನ್ನು ಕದ್ದವನು. ಪರ್ಸು ಕದ್ದರೆ ಕಳ್ಳತನ ಎನ್ನುವ ನಾವು ಇದನ್ನು ಜಾಣತನ ಎನ್ನುತ್ತೇವೆ. ನಮ್ಮ ಯುವಕರು ಹಳೆಯ ಬೈಕು ಕೊಂಡು ವರ್ಷಗಟ್ಟಲೆ ಹೆಸರು ಬದಲಾಯಿಸದೆ ಓಡಿಸುವುದುಂಟು. ತಾಯಂದಿರೇ ತಂದೆಯರೇ, ಒಮ್ಮೆ ಮಗನ ಬೈಕಿನ ಆರ್.ಸಿ. ತೆಗೆದು ನೋಡಿ. ಅದರಲ್ಲಿ ಯಾರದೋ ಹೆಸರಿದ್ದರೆ, ನಿಮ್ಮ ಮಗನ ಸವಾರಿಗೆ ಇನ್ಯಾವುದೋ ಮನೆಯವರು ಹೆದರಿಕೊಂಡು ಕುಳಿತಿದ್ದಾರೆ ಎಂದು ತಿಳಿಯಿರಿ.

ಕಾಗದಪತ್ರದ ಕೆಲಸ ಲೌಕಿಕ, ದೈವಭಕ್ತರಿಗೆ ತಕ್ಕದ್ದಲ್ಲ ಎಂದುಕೊಳ್ಳುವವರಿಗೆ ಪ್ರವಾದಿ ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯವನ್ನು ತೋರಿಸಬೇಕು. ಜೆರುಸಲೇಮಿಗೆ ಶತ್ರುಸೈನ್ಯ ಮುತ್ತಿಗೆ ಹಾಕಿದೆ. ಪ್ರವಾದಿಯೇ ಸೆರೆಯಲ್ಲಿದ್ದಾನೆ. ಆಗ ಅವನು ಬಂಧುವೊಬ್ಬನ ಹೊಲವನ್ನು 17 ಬೆಳ್ಳಿ ನಾಣ್ಯಗಳಿಗೆ ಕೊಳ್ಳುತ್ತಾನೆ. ಅಂಥ ಸಮಯದಲ್ಲೂ ಕ್ರಯಪತ್ರ ಬರೆದು, ಮುದ್ರೆ ಹಾಕಿ, ಸಾಕ್ಷಿಗಳನ್ನು ಕರೆಸಿ, ಹಣ ತೂಗಿ ಕೊಟ್ಟು, ಪತ್ರಗಳು ಬಹುಕಾಲ ಉಳಿಯಲೆಂದು ಮಣ್ಣಿನ ಪಾತ್ರೆಯಲ್ಲಿ ಇಡಿಸುತ್ತಾನೆ. ಅವನಿಗೆ ಅದು ದೇವರ ಮೇಲಿನ ಭರವಸೆಯ ಕೆಲಸವೇ ಆಗಿತ್ತು.

ಹಾಗಾದರೆ ನಾವು ಮಾಡಬೇಕಾದದ್ದೇನು? ಖಾಲಿ ಫಾರಂಗೆ ಸಹಿ ಹಾಕಬೇಡಿ. ಕೊಂಡವರ ಗುರುತಿನ ಚೀಟಿಯ ಪ್ರತಿ, ದಿನಾಂಕ ಮತ್ತು ಸಮಯ ಬರೆದ ರಶೀದಿ, ನೀವು ಸಲ್ಲಿಸಿದ ಫಾರಂಗಳ ಪ್ರತಿ ನಿಮ್ಮಲ್ಲಿರಲಿ. 14 ದಿನಗಳೊಳಗೆ ನೀವೇ ಅಧಿಕಾರಿಗೆ ತಿಳಿಸಿ. ಅಷ್ಟಕ್ಕೇ ಬಿಡದೆ, ಹೆಸರು ನಿಜವಾಗಿಯೂ ಬದಲಾಗಿದೆಯೇ ಎಂದು ನೋಡಿ. ಅಲ್ಲಿಯವರೆಗೂ ಮಾರಾಟ ಮುಗಿದಿಲ್ಲವೆಂದೇ ತಿಳಿಯಿರಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ, ಅಧಿಕೃತ ಪತ್ರ ಪಡೆದ ಹಳೆಯ ವಾಹನಗಳ ವ್ಯಾಪಾರಿಗೆ ಗಾಡಿ ಒಪ್ಪಿಸಿ ಅದನ್ನು ಕ್ರಮದಂತೆ ತಿಳಿಸಿದರೆ, ಆ ವ್ಯಾಪಾರಿಯನ್ನೇ ಮಾಲೀಕನೆಂದು ಎಣಿಸಲಾಗುತ್ತದೆ. ಇದು ಗಾಡಿ ಮಾರುವವರಿಗೆ ಒಳ್ಳೆಯ ಆಸರೆ.

ಈಗಾಗಲೇ ನೋಟೀಸು ಬಂದಿರುವ ಮೇಷ್ಟರಿಗೆ ಏನು ಹೇಳೋಣ? ಒಳ್ಳೆಯ ವಕೀಲರನ್ನು ಕಾಣಿ, ನಿಮ್ಮ ಸತ್ಯವನ್ನು ಧೈರ್ಯವಾಗಿ ಹೇಳಿ. ಆದರೆ ನ್ಯಾಯಾಲಯದ ಮೊಗಸಾಲೆಯಲ್ಲಿ ಆ ಹೆಣ್ಣುಮಗಳು ಮಗುವನ್ನೆತ್ತಿಕೊಂಡು ನಿಂತಿದ್ದರೆ, ಶತ್ರುವೆಂದು ಮುಖ ತಿರುಗಿಸಬೇಡಿ. ನಿಮ್ಮಿಬ್ಬರಿಗೂ ನೋವು ತಂದವನು ಒಬ್ಬನೇ. ಪಿಲಾತನು ನೀರು ತರಿಸಿ ಎಲ್ಲರೆದುರು ಕೈತೊಳೆದುಕೊಂಡನು. ಕೈ ಒದ್ದೆಯಾಯಿತೇ ಹೊರತು ಹೊಣೆ ತೊಳೆದುಹೋಗಲಿಲ್ಲ. ನಾವು ಹಾಗೆ ಮಾಡುವುದು ಬೇಡ. ಮನೆಯ ಅಂಗಳದಿಂದ ಗಾಡಿ ಹೊರಟುಹೋದ ಮೇಲೂ ನಮ್ಮ ಹೆಸರು ಅದರ ಜೊತೆ ಊರೂರು ತಿರುಗುತ್ತಿದ್ದರೆ, ಹೋಗಿ ಅದನ್ನು ಮನೆಗೆ ಕರೆತರೋಣ.