ಕೂಡಿ ಮಾಡುವ ಕಾಯಕ

ಒಬ್ಬನೇ ಮಾಡುವ ಕಾಯಕದಲ್ಲಿ ದೋಷವು ಸಂಭವಿಸಿದರೆ ಹೊಣೆ ಯಾರದೆಂದು ಕೇಳಬೇಕಾಗಿಲ್ಲ. ಹಲವರು ಕೂಡಿ ಮಾಡುವ ಕಾಯಕದಲ್ಲಾದರೋ ಈ ಪ್ರಶ್ನೆಯೇ ಮೊದಲು ಏಳುತ್ತದೆ. ಜೊತೆಗಾರನು ತನ್ನ ಪಾಲಿನ ಕೆಲಸವನ್ನು ಮಾಡದಿದ್ದಾಗ ಅದನ್ನು ಮಾತಿಲ್ಲದೆ ನಾವೇ ಮಾಡಿ ಮುಗಿಸುವುದು ದಾಸೋಹವೆ? ಅಥವಾ ಅವನ ತಪ್ಪನ್ನು ಅವನಿಗೆ ತಿಳಿಸುವುದು ಧರ್ಮವೆ? ಇದು ವಿಚಾರಾರ್ಹವಾದ ಸಂಗತಿಯಾಗಿದೆ.

ಕುಮಟಾ ತಾಲೂಕಿನ ಹೊಳನಗದ್ದೆಯ ಕಡೆಯ ಹಿರಿಯರು ರಂಪಣಿಯನ್ನು ಬಲ್ಲರು. ದೋಣಿಯಿಂದ ಕಡಲಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟ ಉದ್ದನೆಯ ಬಲೆಯ ಎರಡು ತುದಿಗಳನ್ನು ಎರಡು ಗುಂಪಿನವರು ದಡದಲ್ಲಿ ನಿಂತು ಎಳೆಯುತ್ತಿದ್ದರು. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಬಳಿಕ ಈ ಪದ್ಧತಿ ಕ್ಷೀಣಿಸಿತು. ಅದರ ಪಾಠ ಮಾತ್ರ ಕ್ಷೀಣಿಸಿಲ್ಲ. ಒಂದು ಕಡೆಯವರು ಸಡಿಲ ಬಿಟ್ಟರೆ ಇನ್ನೊಂದು ಕಡೆಯವರು ಎಷ್ಟು ಬಲವಾಗಿ ಎಳೆದರೂ ಬಲೆ ಓರೆಯಾಗುವುದಲ್ಲದೆ ಮೀನು ದಡಕ್ಕೆ ಬಾರದು.

ವಕೀಲರು, ಲೆಕ್ಕಪರಿಶೋಧಕರು, ಇಂಜಿನಿಯರರು ಕೂಡಿ ನಡೆಸುವ ಸಂಸ್ಥೆಗಳಲ್ಲಿ ಈ ಬಲೆ ಕಣ್ಣಿಗೆ ಕಾಣುವುದಿಲ್ಲ. ಒಬ್ಬನು ಲೆಕ್ಕ ಬರೆಯುವನು, ಇನ್ನೊಬ್ಬನು ಪರೀಕ್ಷಿಸುವನು, ಮೂರನೆಯವನು ಸಹಿ ಹಾಕುವನು. ಕಕ್ಷಿಗಾರನಿಗೆ ಕಾಣುವುದು ಸಹಿಯೊಂದೇ. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 9ನೆಯ ಕಲಮು ಪಾಲುದಾರರು ಪರಸ್ಪರ ನ್ಯಾಯನಿಷ್ಠರಾಗಿರಬೇಕೆಂದೂ ಪೂರ್ಣ ಮಾಹಿತಿಯನ್ನು ಕೊಡಬೇಕೆಂದೂ ವಿಧಿಸುತ್ತದೆ. 12ನೆಯ ಕಲಮಿನಂತೆ ನಿರ್ಣಯಕ್ಕೆ ಮುನ್ನ ತನ್ನ ಅಭಿಪ್ರಾಯ ಹೇಳುವ ಹಕ್ಕು ಪ್ರತಿಯೊಬ್ಬ ಪಾಲುದಾರನಿಗೂ ಉಂಟು. 25ನೆಯ ಕಲಮು ಸಂಸ್ಥೆಯ ಋಣಕ್ಕೆ ಎಲ್ಲರನ್ನೂ ಒಟ್ಟಾಗಿಯೂ ಬಿಡಿಯಾಗಿಯೂ ಹೊಣೆಗಾರರನ್ನಾಗಿ ಮಾಡುತ್ತದೆ. ಹೊಣೆ ಎಲ್ಲರದಾದ ಮೇಲೆ ಮೌನಕ್ಕೆ ಎಡೆಯೆಲ್ಲಿ?

ಮಾತಿಲ್ಲದೆ ಪರರ ಭಾರವನ್ನು ಹೊರುವುದು ಮೇಲುನೋಟಕ್ಕೆ ದಾಸೋಹದಂತೆ ತೋರುತ್ತದೆ. ಆದರೆ ಅದು ಜೊತೆಗಾರನ ಕಾಯಕವನ್ನೇ ಕಸಿದುಕೊಳ್ಳುತ್ತದೆ; ಅವನು ತಿದ್ದಿಕೊಳ್ಳುವ ದಾರಿಯನ್ನೂ ಮುಚ್ಚುತ್ತದೆ. ಹೊತ್ತವನ ಮನದಲ್ಲಿ ಅಸಮಾಧಾನವು ಕೂಡುತ್ತ ಹೋಗಿ ಒಂದು ದಿನ ಎಲ್ಲರೆದುರು ಕಟುನುಡಿಯಾಗಿ ಹೊರಬೀಳುತ್ತದೆ. ಕೊಟ್ಟುದನ್ನು ಮನದಲ್ಲಿ ಎಣಿಸುತ್ತಿರುವವನು ದಾಸೋಹಿಯಲ್ಲ, ಸಾಲಿಗನು.

ಹಾಗಾದರೆ ಹೇಳುವುದು ಹೇಗೆ? ಆಯ್ದಕ್ಕಿ ಮಾರಯ್ಯನ ಕಥೆ ನಮಗೆಲ್ಲ ತಿಳಿದುದೇ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಮರಳಿ ಕೊಟ್ಟು ಬರುವಂತೆ ಹೇಳಿದಳು. ಬೀದಿಯಲ್ಲಿ ಕೂಗಲಿಲ್ಲ, ನೆರೆಯವರಿಗೆ ದೂರಲಿಲ್ಲ. ಅಂದೇ, ಮನೆಯೊಳಗೇ, ಅವನ ಎದುರಿಗೇ ಹೇಳಿದಳು. ಅವಳು ಅಕ್ಕಿಯ ಮಾತನ್ನಾಡಿದಳೇ ಹೊರತು ಗಂಡನನ್ನು ತಿರಸ್ಕರಿಸಲಿಲ್ಲ. ಕೂಡಿ ದುಡಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ದುರ್ಲಭ. ತಪ್ಪನ್ನು ಕಂಡ ದಿನವೇ, ಏಕಾಂತದಲ್ಲಿ, ಕೆಲಸವನ್ನು ಕುರಿತು ಹೇಳತಕ್ಕದ್ದು. ಅರಿಯದವನಿಗೆ ಕಲಿಸತಕ್ಕದ್ದು, ಮನೆಯ ಕಷ್ಟದಿಂದ ಸೋತವನಿಗೆ ಕೆಲವು ಕಾಲ ಹೆಗಲು ಕೊಡತಕ್ಕದ್ದು, ಅದೂ ಎಲ್ಲರ ಅರಿವಿನಲ್ಲಿ. ಬಲ್ಲವನಾಗಿದ್ದೂ ಮಾಡದವನಿಗೆ ಪಾಲು ಸಲ್ಲದೆಂಬುದನ್ನು ಸ್ಪಷ್ಟಪಡಿಸತಕ್ಕದ್ದು.

ಈ ಕಥೆಯು ಹಿರಿಯರಿಗೂ ಸಲ್ಲುತ್ತದೆ. ಕಿರಿಯರ ದುಡಿಮೆಯ ಕೀರ್ತಿಯನ್ನು ತನ್ನ ಹೆಸರಿಗೆ ಬರೆದುಕೊಳ್ಳುವ ಮುಖ್ಯಸ್ಥನೂ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದವನೇ. ಅವನಿಗೆ ಹೇಳುವ ಧೈರ್ಯ ಕಿರಿಯನಲ್ಲಿ ಇರಬೇಕಾದರೆ, ಕೇಳುವ ತಾಳ್ಮೆ ಅವನಲ್ಲಿ ಮೊದಲು ಇರಬೇಕು. ಲಕ್ಕಮ್ಮನ ಮಾತು ಫಲಿಸಿದುದು ಮಾರಯ್ಯನು ಕೇಳಿದುದರಿಂದ. ಹೇಳುವವರೂ ಕೇಳುವವರೂ ಇರುವಲ್ಲಿ ಮಾತ್ರ ಹಲವರ ಕೆಲಸವು ಒಂದು ಕಾಯಕವಾಗುತ್ತದೆ.